ಲಾಭದ ಪಕ್ಕದಲ್ಲಿ ನಗದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಕಂಪನಿಗಳ ತ್ರೈಮಾಸಿಕ ಫಲಿತಾಂಶ ಬರುವ ದಿನಗಳಲ್ಲಿ ವಾಣಿಜ್ಯ ಪುಟದ ತುಂಬ ಒಂದೇ ಬಗೆಯ ತಲೆಬರಹ ಕಾಣುತ್ತದೆ: ‘ನಿವ್ವಳ ಲಾಭ ಶೇ 40ರಷ್ಟು ಏರಿಕೆ’. ಅದರ ಕೆಳಗಿನ ನಾಲ್ಕು ಸಾಲಿನಲ್ಲಿ ವರಮಾನ ಎಷ್ಟು, ಕಳೆದ ವರ್ಷ ಎಷ್ಟಿತ್ತು, ಷೇರು ದರ ಎಷ್ಟು ಮೇಲೆ ಹೋಯಿತು ಎಂದಿರುತ್ತದೆ. ಷೇರು ಹೂಡಿಕೆ ಕಲಿಯಲು ಹೊರಟವರು ಮೊದಲು ಓದುವುದು ಇದನ್ನೇ. ಓದಿ, ಲಾಭ ಏರಿದ ಕಂಪನಿ ಒಳ್ಳೆಯ ಕಂಪನಿ ಎಂದು ತೀರ್ಮಾನಿಸುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ. ಕಂಪನಿಯ ಲೆಕ್ಕಪತ್ರದಲ್ಲಿ ಲಾಭ-ನಷ್ಟ ಖಾತೆ, ಬ್ಯಾಲೆನ್ಸ್ ಶೀಟ್, ನಗದು ಹರಿವಿನ ಪಟ್ಟಿ ಎಂದು ಮೂರು ಭಾಗಗಳಿವೆ. ಅವರ ಕಣ್ಣಿಗೆ ಬೀಳುತ್ತಿರುವುದು ಮೊದಲನೆಯದು ಮಾತ್ರ. ಈ ಪತ್ರ ಬರೆಯುತ್ತಿರುವುದು ಉಳಿದೆರಡಕ್ಕೂ ನಿಮ್ಮ ಪುಟದಲ್ಲಿ ಜಾಗ ಕೇಳಲು.

ಯಾಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಒಂದು ಲೆಕ್ಕ ಮುಂದಿಡುತ್ತೇನೆ. ಕಾಗದ-ಪೆನ್ನು ಹಿಡಿದು ಜೊತೆಗೇ ಮಾಡಿ ನೋಡಬಹುದು. ಒಂದು ಕಂಪನಿಯ ವರಮಾನ ಕಳೆದ ವರ್ಷ 100 ಕೋಟಿ, ಈ ವರ್ಷ 130 ಕೋಟಿ. ನಿವ್ವಳ ಲಾಭ 10 ಕೋಟಿಯಿಂದ 14 ಕೋಟಿಗೆ ಏರಿದೆ. ಮೇಲಿನ ತಲೆಬರಹ ಸರಿಯಾಗಿಯೇ ಇದೆ. ಈಗ ಬ್ಯಾಲೆನ್ಸ್ ಶೀಟ್ ತೆರೆಯಿರಿ. ಗ್ರಾಹಕರಿಂದ ಬರಬೇಕಾದ ಬಾಕಿ 15 ಕೋಟಿ ಇದ್ದದ್ದು 33 ಕೋಟಿ ಆಗಿದೆ. ಗೋದಾಮಿನ ದಾಸ್ತಾನು 12ರಿಂದ 19ಕ್ಕೆ ಏರಿದೆ. ಸರಬರಾಜುದಾರರಿಗೆ ಕೊಡಬೇಕಾದ ಬಾಕಿ 10ರಿಂದ 13 ಆಗಿದೆ. ಸವಕಳಿ 4 ಕೋಟಿ. ಲಾಭ 14ಕ್ಕೆ ಸವಕಳಿ 4 ಕೂಡಿಸಿ, ಏಕೆಂದರೆ ಅದು ಪುಸ್ತಕದ ಖರ್ಚು, ಕೈಯಿಂದ ಹೋದ ಹಣವಲ್ಲ. 18 ಆಯಿತು. ಬಾಕಿ ಹೆಚ್ಚಿದ 18 ಕಳೆಯಿರಿ, ದಾಸ್ತಾನು ಹೆಚ್ಚಿದ 7 ಕಳೆಯಿರಿ, ಸರಬರಾಜುದಾರರಿಗೆ ಇನ್ನೂ ಕೊಡದೆ ಉಳಿಸಿಕೊಂಡ 3 ಕೂಡಿಸಿ. ಉಳಿದದ್ದು ಮೈನಸ್ 4 ಕೋಟಿ. ಲಾಭ 14 ಕೋಟಿ ಎಂದು ಬರೆದುಕೊಂಡ ವರ್ಷದಲ್ಲಿ ವ್ಯಾಪಾರದಿಂದ ಒಂದು ಪೈಸೆಯೂ ಒಳಗೆ ಬಂದಿಲ್ಲ, 4 ಕೋಟಿ ಹೊರಗೆ ಹೋಗಿದೆ. ಯಂತ್ರಗಳಿಗೆಂದು 6 ಕೋಟಿ ಹಾಕಿ, 2 ಕೋಟಿ ಲಾಭಾಂಶವನ್ನೂ ಹಂಚಿದ್ದರೆ ಒಟ್ಟು 12 ಕೋಟಿ ಎಲ್ಲಿಂದಲೋ ಬರಬೇಕು. ಕೂಡಿಟ್ಟ ಹಣ ಇಲ್ಲದಿದ್ದರೆ ಅದು ಸಾಲವೇ. ಲಾಭ ಏರಿದ ವರ್ಷವೇ ಸಾಲವೂ 12 ಕೋಟಿ ಏರಿತು ಎಂಬುದು ತಲೆಬರಹದಲ್ಲೂ ಇಲ್ಲ, ಕೆಳಗಿನ ನಾಲ್ಕು ಸಾಲಿನಲ್ಲೂ ಇಲ್ಲ.

ಇದನ್ನೇ ದಿನಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಬಾಕಿಯನ್ನು ವರಮಾನದಿಂದ ಭಾಗಿಸಿ 365ರಿಂದ ಗುಣಿಸಿದರೆ, ಮಾರಿದ ಸರಕಿನ ಹಣ ಕೈಗೆ ಬರಲು ಸರಾಸರಿ ಎಷ್ಟು ದಿನ ಎಂಬುದು ಸಿಗುತ್ತದೆ. ಕಳೆದ ವರ್ಷ 55 ದಿನ ಇದ್ದದ್ದು ಈ ವರ್ಷ 93 ದಿನ. ವಿತರಕರ ಮೇಲೆ ಸರಕು ಹೇರಿ ಮಾರ್ಚ್ ಅಥವಾ ಡಿಸೆಂಬರ್ ಕೊನೆಯ ವಾರದಲ್ಲಿ ಬಿಲ್ ಹಾಕಿದರೂ ಹೀಗಾಗುತ್ತದೆ, ಗ್ರಾಹಕನೇ ಹಣ ಕೊಡಲಾರದ ಸ್ಥಿತಿಯಲ್ಲಿದ್ದರೂ ಹೀಗಾಗುತ್ತದೆ, ದೊಡ್ಡ ಗ್ರಾಹಕನೊಬ್ಬ ಹೆಚ್ಚು ದಿನದ ಉದ್ದರಿ ಕೇಳಿ ಪಡೆದಿದ್ದರೂ ಹೀಗಾಗುತ್ತದೆ. ಮೊದಲ ಎರಡು ಅಪಾಯ, ಮೂರನೆಯದು ವ್ಯಾಪಾರದ ಒಂದು ವರಸೆ ಅಷ್ಟೇ. ಯಾವುದು ಎಂದು ತಿಳಿಯಲು ವಾರ್ಷಿಕ ವರದಿಯ ಟಿಪ್ಪಣಿಗಳಿಗೆ ಹೋಗಬೇಕು. ಆರು ತಿಂಗಳಿಗಿಂತ ಹಳೆಯ ಬಾಕಿ ಎಷ್ಟು, ಮುಳುಗಬಹುದಾದ ಬಾಕಿಗೆ ಎಷ್ಟು ತೆಗೆದಿಟ್ಟಿದ್ದಾರೆ ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಬಾಕಿ ಹಳೆಯದಾಗುತ್ತಿದ್ದೂ ತೆಗೆದಿಟ್ಟ ಮೊತ್ತ ಹೆಚ್ಚದಿದ್ದರೆ ಇಂದಿನ ಲಾಭ ನಾಳಿನ ನಷ್ಟದಿಂದ ಎರವಲು ತಂದದ್ದು.

ಹಾಗೆಂದು ನಗದು ಹರಿವಿನ ಪಟ್ಟಿಯ ಮೊದಲ ಭಾಗವನ್ನೇ, ಅಂದರೆ ನಾವು ಮೇಲೆ ಲೆಕ್ಕ ಹಾಕಿದ, ವ್ಯಾಪಾರದಿಂದ ಬರುವ ‘ಕಾರ್ಯಾಚರಣೆಯ ನಗದ’ನ್ನೇ ನಂಬಿ ಕುಳಿತರೂ ಸಾಲದು. 2002ರ ಜೂನ್‌ನಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್, 380 ಕೋಟಿ ಡಾಲರ್‌ಗೂ ಹೆಚ್ಚಿನ ದಿನನಿತ್ಯದ ಖರ್ಚನ್ನು ಬಂಡವಾಳ ವೆಚ್ಚ, ಅಂದರೆ ಯಂತ್ರ-ಕಟ್ಟಡದಂಥ ಆಸ್ತಿಗೆ ಹಾಕಿದ ಹಣ, ಎಂದು ಬರೆದುಕೊಂಡಿದ್ದಾಗಿ ಒಪ್ಪಿಕೊಂಡಿತು. ಬೇರೆಯವರ ಜಾಲ ಬಳಸಿದ್ದಕ್ಕೆ ಕೊಡುವ ಶುಲ್ಕವನ್ನು ಆಸ್ತಿಯ ಖಾತೆಗೆ ಸಾಗಿಸಿದ್ದರು. ಹಾಗೆ ಮಾಡಿದಾಗ ಲಾಭವಷ್ಟೇ ಉಬ್ಬುವುದಿಲ್ಲ, ಕಾರ್ಯಾಚರಣೆಯ ನಗದೂ ಉಬ್ಬುತ್ತದೆ, ಏಕೆಂದರೆ ಖರ್ಚು ಆ ಭಾಗದಿಂದ ಜಾರಿ ‘ಹೂಡಿಕೆ ಚಟುವಟಿಕೆ’ ಎಂಬ ಕೆಳಗಿನ ಭಾಗಕ್ಕೆ ಹೋಗಿ ಕೂರುತ್ತದೆ. ಕಾರ್ಯಾಚರಣೆಯ ನಗದಿನಿಂದ ಬಂಡವಾಳ ವೆಚ್ಚವನ್ನು ಕಳೆದು ಉಳಿಯುವ ಮುಕ್ತ ನಗದು ಮಾತ್ರ ಈ ಜಾರಾಟಕ್ಕೆ ಸಿಗುವುದಿಲ್ಲ. ಖರ್ಚನ್ನು ಯಾವ ಖಾನೆಯಲ್ಲಿ ಬರೆದರೂ ಹಣ ಹೋಗಿದ್ದು ಹೋಗಿದ್ದೇ. ಅದಕ್ಕಾಗಿಯೇ ಕಲಿಯುವವರಿಗೆ ಮುಕ್ತ ನಗದನ್ನು ಲಾಭದಷ್ಟೇ ಬೇಗ ಹೇಳಿಕೊಡಬೇಕು.

ಬ್ಯಾಂಕಿನಲ್ಲಿದೆ ಎಂದು ತೋರಿಸಿದ ಹಣವೇ ಇಲ್ಲದ ಪ್ರಸಂಗಗಳೂ ಇವೆ. 2009ರ ಜನವರಿ 7ರಂದು ಹೊರಬಿದ್ದ, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಹಗರಣದಲ್ಲಿ 5,040 ಕೋಟಿ ರೂಪಾಯಿ ಅಂಥ ಹಣ. 2020ರ ಜೂನ್‌ನಲ್ಲಿ ಜರ್ಮನಿಯ ಹಣ ಪಾವತಿ ಕಂಪನಿ ವೈರ್‌ಕಾರ್ಡ್‌ನಲ್ಲಿ 190 ಕೋಟಿ ಯೂರೊ. ಹೊರಗಿನವರಿಗೆ ಇದನ್ನು ಖಚಿತವಾಗಿ ಹಿಡಿಯುವ ದಾರಿ ಇಲ್ಲ. ಅನುಮಾನಪಡುವ ದಾರಿ ಇದೆ. ವೈರ್‌ಕಾರ್ಡ್ ಕೈತುಂಬ ನಗದು ತೋರಿಸುತ್ತಲೇ 2019ರಲ್ಲಿ ಬಾಂಡ್ ಮಾರಿ ಸಾಲ ಎತ್ತಿತ್ತು. ಹಣವಿದ್ದವರು ಬಡ್ಡಿ ಕೊಟ್ಟು ಸಾಲ ತರುವುದು ಯಾಕೆ ಎಂಬ ಪ್ರಶ್ನೆಗೆ ವರದಿಯಲ್ಲಿ ನೇರ ಉತ್ತರ ಸಿಗದಿದ್ದರೆ ಅಂಥ ಷೇರನ್ನು ಬಿಟ್ಟುಬಿಡುವುದೇ ಲೇಸು. ಇನ್ನೆರಡು ಪರೀಕ್ಷೆಗಳನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಬಂದ ಬಡ್ಡಿಯನ್ನು ಸರಾಸರಿ ನಗದಿನಿಂದ ಭಾಗಿಸಿ. ಠೇವಣಿ ದರಕ್ಕಿಂತ ತೀರಾ ಕಡಿಮೆ ಬಂದರೆ ವರ್ಷದ ಕೊನೆಯ ದಿನ ಮಾತ್ರ ಹಣ ತಂದು ತೋರಿಸಿರಬಹುದು. ಲಾಭ-ನಷ್ಟ ಖಾತೆಯ ತೆರಿಗೆಯನ್ನು ನಗದು ಪಟ್ಟಿಯಲ್ಲಿ ನಿಜವಾಗಿ ಕಟ್ಟಿದ ತೆರಿಗೆಯ ಜೊತೆ ಐದು ವರ್ಷಕ್ಕೆ ಹೋಲಿಸಿ. ದೊಡ್ಡ ಅಂತರವಿದ್ದರೆ ಕಾರಣ ಟಿಪ್ಪಣಿಯಲ್ಲಿರಬೇಕು.

ಕಲಿಕೆಯ ಬಹುಪಾಲು ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಂಕಿಗಳು ವ್ಯಾಪಾರದ ನೆರಳು. ವ್ಯಾಪಾರ ಅರ್ಥವಾಗದೆ ಅಂಕಿ ಓದಿದರೆ ಏನು ಬದಲಾಗಬಹುದು ಎಂಬ ಊಹೆ ಹುಟ್ಟುವುದಿಲ್ಲ. ಹಣ ಯಾರು ಕೊಡುತ್ತಾರೆ, ಎಷ್ಟು ದಿನಕ್ಕೊಮ್ಮೆ ಕೊಡುತ್ತಾರೆ, ಪಕ್ಕದವನು ಶೇ 5 ಅಗ್ಗಕ್ಕೆ ಕೊಟ್ಟರೆ ಅವರು ಹೋಗುತ್ತಾರೆಯೇ ಉಳಿಯುತ್ತಾರೆಯೇ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಆಮೇಲೆ ವೆಚ್ಚವನ್ನು ಎರಡಾಗಿ ಒಡೆಯಬೇಕು: ಮಾರಾಟದ ಜೊತೆ ಏರಿಳಿಯುವುದು ಮತ್ತು ಮಾರಾಟ ಆದರೂ ಆಗದಿದ್ದರೂ ಕೊಡಲೇಬೇಕಾದದ್ದು. 100 ಕೋಟಿ ಮಾರಾಟದಲ್ಲಿ 60 ಕೋಟಿ ಏರಿಳಿಯುವ ವೆಚ್ಚ, 30 ಕೋಟಿ ಸ್ಥಿರ ವೆಚ್ಚ, 10 ಕೋಟಿ ಲಾಭ ಇರುವ ಕಾರ್ಖಾನೆಯ ಮಾರಾಟ ಶೇ 10 ಕುಸಿದರೆ ಲೆಕ್ಕ 90, 54, 30. ಲಾಭ 6 ಕೋಟಿ, ಅಂದರೆ ಶೇ 40 ಕುಸಿತ. ಅದೇ 100 ಕೋಟಿ ಮಾರಾಟದಲ್ಲಿ 85 ಕೋಟಿ ಏರಿಳಿಯುವ ವೆಚ್ಚ, 5 ಕೋಟಿ ಸ್ಥಿರ ವೆಚ್ಚ ಇರುವ ಸಗಟು ವ್ಯಾಪಾರಿಯ ಲಾಭ ಅಷ್ಟೇ ಕುಸಿತಕ್ಕೆ 8.5 ಕೋಟಿಗೆ ಇಳಿಯುತ್ತದೆ, ಶೇ 15 ಮಾತ್ರ. ಮಾರುಕಟ್ಟೆ ಚುರುಕಾಗಿರುವಾಗ ಮಾರಾಟ ಶೇ 10 ಏರಿದರೆ ಮೊದಲಿನ ಕಂಪನಿಯ ಲಾಭ ಇದೇ ಕಾರಣಕ್ಕೆ ಶೇ 40 ಏರುತ್ತದೆ. ಅದನ್ನು ಆಡಳಿತದವರ ಜಾಣ್ಮೆ ಎಂದು ತಿಳಿದು ಕೊಂಡವರು ಮುಂದಿನ ಇಳಿತದಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ.

ಬಂಡವಾಳದ ಮೇಲಿನ ಗಳಿಕೆಯನ್ನೂ ಒಂದೇ ಅಂಕಿಯಾಗಿ ನೋಡಬಾರದು. ಡುಪಾಂಟ್ ಎಂಬ ಅಮೆರಿಕದ ಕಂಪನಿಯಲ್ಲಿ 1910ರ ದಶಕದಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬುವರು ಗಳಿಕೆಯನ್ನು ಮಾರ್ಜಿನ್ (ಮಾರಾಟದಲ್ಲಿ ಲಾಭ ಶೇಕಡಾ ಎಷ್ಟು) ಮತ್ತು ಆಸ್ತಿ ತಿರುಗುವ ವೇಗ (ಮಾರಾಟ ಆಸ್ತಿಯ ಎಷ್ಟು ಪಟ್ಟು) ಎಂದು ಒಡೆದು ತೋರಿಸಿದರು. ಸಾಲದ ಹೊರೆ (ಆಸ್ತಿ ಸ್ವಂತ ಬಂಡವಾಳದ ಎಷ್ಟು ಪಟ್ಟು) ಎಂಬ ಮೂರನೆಯ ತುಂಡು ನಂತರ ಸೇರಿತು. ಎರಡು ಕಂಪನಿಗಳ ಷೇರುದಾರರ ಹಣದ ಮೇಲಿನ ಗಳಿಕೆ ತಲಾ ಶೇ 20 ಇದೆ ಎನ್ನಿ. ಮೊದಲನೆಯದರಲ್ಲಿ ಮಾರ್ಜಿನ್ ಶೇ 10, ತಿರುಗುವ ವೇಗ 1.6, ಆಸ್ತಿ ಸ್ವಂತ ಬಂಡವಾಳದ 1.25 ಪಟ್ಟು. ಎರಡನೆಯದರಲ್ಲಿ ಮಾರ್ಜಿನ್ ಶೇ 4, ವೇಗ 1, ಆಸ್ತಿ 5 ಪಟ್ಟು. ಗುಣಿಸಿದರೆ ಎರಡೂ 20. ಈಗ ಕಚ್ಚಾವಸ್ತು ದುಬಾರಿಯಾಗಿ ಎರಡರ ಮಾರ್ಜಿನ್‌ನಲ್ಲೂ 2 ಅಂಶ ತೆಗೆಯಿರಿ. ಮೊದಲನೆಯದು ಶೇ 16ಕ್ಕೆ ಇಳಿಯುತ್ತದೆ, ಎರಡನೆಯದು ಶೇ 10ಕ್ಕೆ. ಜಾಲತಾಣಗಳ ಪಟ್ಟಿಯಲ್ಲಿ ‘ಶೇ 20 ಅಥವಾ ಹೆಚ್ಚು’ ಎಂದು ಸೋಸಿ ತೆಗೆದಾಗ ಇವೆರಡೂ ಅಕ್ಕಪಕ್ಕ ಬಂದು ನಿಲ್ಲುತ್ತವೆ.

ಸಾಲದ ವಿಷಯದಲ್ಲಿ ನೋಡಬೇಕಾದದ್ದು ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ ಬಡ್ಡಿಯ ಎಷ್ಟು ಪಟ್ಟು ಎಂಬುದು. 2 ಪಟ್ಟಿಗಿಂತ ಕಡಿಮೆ ಇದ್ದರೆ ಒಂದು ಕೆಟ್ಟ ವರ್ಷಕ್ಕೂ ಜಾಗವಿಲ್ಲ. ಇಲ್ಲೊಂದು ಎಚ್ಚರ: ಕಟ್ಟುತ್ತಿರುವ ಘಟಕಕ್ಕೆ ತಂದ ಸಾಲದ ಬಡ್ಡಿಯನ್ನು ಲಾಭ-ನಷ್ಟ ಖಾತೆಗೆ ತಾರದೆ ಆಸ್ತಿಯ ಬೆಲೆಗೆ ಸೇರಿಸಬೇಕೆಂದು ನಿಯಮವೇ ಹೇಳುತ್ತದೆ. ಟಿಪ್ಪಣಿಯಿಂದ ಆ ಬಡ್ಡಿಯನ್ನೂ ಎತ್ತಿ ಸೇರಿಸಿಕೊಂಡೇ ಭಾಗಿಸಬೇಕು. ಷೇರುಗಳ ಸಂಖ್ಯೆಯೂ ಹೀಗೆಯೇ ಕಣ್ತಪ್ಪುತ್ತದೆ. ಲಾಭ 100 ಕೋಟಿಯಿಂದ 120 ಕೋಟಿಗೆ ಏರಿ, ಷೇರುಗಳು 10 ಕೋಟಿಯಿಂದ 13 ಕೋಟಿಗೆ ಹೆಚ್ಚಿದರೆ ಷೇರೊಂದಕ್ಕೆ ಸಿಕ್ಕ ಲಾಭ 10ರಿಂದ 9.23ಕ್ಕೆ ಇಳಿದಿದೆ. ಕಂಪನಿ ಬೆಳೆಯಿತು, ಹಳೆಯ ಷೇರುದಾರನ ಪಾಲು ಸೊರಗಿತು.

ಬೆಲೆಯ ಮಾತು ಕೊನೆಗೆ. ದುರದೃಷ್ಟವೆಂದರೆ ಬಹುತೇಕರು ಇಲ್ಲಿಂದಲೇ ಶುರು ಮಾಡುತ್ತಾರೆ, ಅದೂ ಪಿಇ (ಷೇರಿನ ದರ ಷೇರೊಂದರ ಲಾಭದ ಎಷ್ಟು ಪಟ್ಟು) ಎಂಬ ಒಂದೇ ಅನುಪಾತದಿಂದ. ಪಿಇ ಕಡಿಮೆ ಇದ್ದರೆ ಅಗ್ಗ ಎಂಬ ನಂಬಿಕೆ ಉಕ್ಕು, ಸಕ್ಕರೆ, ಹಡಗು ಸಾಗಣೆಯಂಥ ಏರಿಳಿತದ ಉದ್ಯಮಗಳಲ್ಲಿ ತಲೆಕೆಳಗಾಗುತ್ತದೆ. ಒಳ್ಳೆಯ ವರ್ಷದಲ್ಲಿ ಷೇರೊಂದಕ್ಕೆ ಲಾಭ 40, ದರ 200, ಪಿಇ 5. ಎರಡು ವರ್ಷ ಬಿಟ್ಟು ಲಾಭ 4, ದರ 80, ಪಿಇ 20. ಪಿಇ 5 ಇದ್ದಾಗ ಕೊಂಡವರು ಶೇ 60 ಕಳೆದುಕೊಂಡರು. ಇಂಥ ಕಡೆ ಒಂದು ವರ್ಷದ ಲಾಭದ ಬದಲು ಏಳರಿಂದ ಹತ್ತು ವರ್ಷದ ಸರಾಸರಿ ಲಾಭಕ್ಕೆ ದರವನ್ನು ಹೋಲಿಸಬೇಕು.

ದುಬಾರಿ ಪಿಇಯಲ್ಲಿ ಕೊಳ್ಳುವವರು ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ನೋಡಲಿ. ಇಂದು ಪಿಇ 50ರಲ್ಲಿ ಕೊಂಡಿದ್ದೀರಿ. ಹತ್ತು ವರ್ಷಕ್ಕೆ ಬೆಳವಣಿಗೆ ತಣ್ಣಗಾಗಿ ಮಾರುಕಟ್ಟೆ 20 ಪಿಇ ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಶೇ 12ರ ಗಳಿಕೆ ಬೇಕಾದರೆ ದರ 3.1 ಪಟ್ಟಾಗಬೇಕು, ಅದಕ್ಕೆ ಲಾಭ ಸುಮಾರು 7.8 ಪಟ್ಟಾಗಬೇಕು. ಲಾಭಾಂಶ ಬಿಟ್ಟು ಲೆಕ್ಕ ಹಾಕಿದರೆ ಅದು ಹತ್ತು ವರ್ಷ ಬಿಡದೆ ವರ್ಷಕ್ಕೆ ಶೇ 23ರ ಹತ್ತಿರದ ಬೆಳವಣಿಗೆ. ಆ ಕಂಪನಿ ಹಿಂದಿನ ಹತ್ತು ವರ್ಷ ಹಾಗೆ ಬೆಳೆದಿದೆಯೇ, ಅಷ್ಟು ದೊಡ್ಡ ಮಾರುಕಟ್ಟೆ ಮುಂದೆ ಇದೆಯೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ. ಕಂಪ್ಯೂಟರ್ ಜಾಲದ ಉಪಕರಣ ಮಾಡುವ ಅಮೆರಿಕದ ಸಿಸ್ಕೊ ಕಂಪನಿಯ ಷೇರು 2000ದ ಮಾರ್ಚ್‌ನಲ್ಲಿ 80 ಡಾಲರ್ ಮುಟ್ಟಿ, 2002ರ ಅಕ್ಟೋಬರ್ ವೇಳೆಗೆ 10 ಡಾಲರ್‌ಗಿಂತ ಕೆಳಗಿಳಿಯಿತು. ಕಂಪನಿ ಮುಳುಗಲಿಲ್ಲ, ಮುಂದಿನ ವರ್ಷಗಳಲ್ಲಿ ವರಮಾನವೂ ಲಾಭವೂ ಬೆಳೆದವು. ಆದರೂ ಆ ದರಕ್ಕೆ ಕೊಂಡವರು ಎರಡು ದಶಕಕ್ಕೂ ಹೆಚ್ಚು ಕಾಲ ಆ ದರವನ್ನು ಮತ್ತೆ ಕಾಣಲಿಲ್ಲ.

ಇದನ್ನೆಲ್ಲ ಕಲಿಯಲು ಕೋರ್ಸ್ ಬೇಕಿಲ್ಲ, ವಾರ್ಷಿಕ ವರದಿಗಳು ಕಂಪನಿಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತಮಗೆ ವಸ್ತು ಪರಿಚಯವಿರುವ ಒಂದು ಕಂಪನಿ ಹಿಡಿದು ಹತ್ತು ವರ್ಷದ ವರದಿ ಇಳಿಸಿಕೊಳ್ಳಲಿ. ಮೊದಲು ಓದಬೇಕಾದದ್ದು ಅಧ್ಯಕ್ಷರ ಭಾಷಣವಲ್ಲ, ಲೆಕ್ಕಪರಿಶೋಧಕರ ವರದಿ. ಲೆಕ್ಕ ಸರಿಯಿದೆ ಎಂಬ ಅಭಿಪ್ರಾಯಕ್ಕೆ ಷರತ್ತು ಹಾಕಿದ್ದಾರೆಯೇ ನೋಡಿ. 2016ರ ಡಿಸೆಂಬರ್ ಮಧ್ಯದಿಂದ ಜಾರಿಗೆ ಬಂದ 701ನೇ ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡದ ಪ್ರಕಾರ, ಷೇರುಪೇಟೆಯಲ್ಲಿರುವ ಕಂಪನಿಗಳ ಪರಿಶೋಧಕರು ಪರಿಶೋಧನೆಯಲ್ಲಿ ಅತಿ ಮುಖ್ಯವೆನಿಸಿದ ವಿಷಯಗಳನ್ನು ಪ್ರತ್ಯೇಕವಾಗಿ ಬರೆಯಬೇಕು. ಆ ಎರಡು-ಮೂರು ಪುಟ ಇಡೀ ವರದಿಯ ಕೀಲಿಕೈ ಇದ್ದ ಹಾಗೆ. ಅವಧಿ ಮುಗಿಯುವ ಮುಂಚೆಯೇ ಪರಿಶೋಧಕರು ರಾಜೀನಾಮೆ ಕೊಟ್ಟಿದ್ದರೆ ಕಾರಣ ಹುಡುಕದೆ ಮುಂದೆ ಹೋಗಬೇಡಿ. ನಂತರ ನಗದು ಹರಿವು, ಬ್ಯಾಲೆನ್ಸ್ ಶೀಟ್, ಟಿಪ್ಪಣಿಗಳು, ಮಾಲೀಕರ ಸಂಬಂಧಿಕರ ಮತ್ತು ಸೋದರ ಕಂಪನಿಗಳ ಜೊತೆಗಿನ ವ್ಯವಹಾರ. ಲಾಭ-ನಷ್ಟ ಖಾತೆ ಆಮೇಲೆ.

ಜೊತೆಗೆ ಒಂದು ಹಾಳೆಯಲ್ಲಿ ಹತ್ತು ವರ್ಷಕ್ಕೆ ಹತ್ತು ಕಂಬ, ಹನ್ನೆರಡು ಸಾಲು: ವರಮಾನ, ಸರಕಿನ ವೆಚ್ಚ, ಕಾರ್ಯಾಚರಣೆಯ ಲಾಭ, ಬಡ್ಡಿ, ತೆರಿಗೆ, ನಿವ್ವಳ ಲಾಭ, ಕಾರ್ಯಾಚರಣೆಯ ನಗದು, ಬಂಡವಾಳ ವೆಚ್ಚ, ಬರಬೇಕಾದ ಬಾಕಿ, ದಾಸ್ತಾನು, ಒಟ್ಟು ಸಾಲ, ಷೇರುಗಳ ಸಂಖ್ಯೆ. ಸಿದ್ಧ ಕೋಷ್ಟಕ ನಕಲು ಮಾಡದೆ ಕೈಯಾರೆ ತುಂಬಬೇಕು. ತುಂಬುವಾಗ ಆಗುವ ಮಾಮೂಲಿ ತಪ್ಪು ಎಂದರೆ ಒಂದು ವರ್ಷ ಕಂಪನಿಯ ಒಂಟಿ ಲೆಕ್ಕ, ಇನ್ನೊಂದು ವರ್ಷ ಅಂಗಸಂಸ್ಥೆಗಳೂ ಸೇರಿದ ಲೆಕ್ಕ ಹಾಕಿಬಿಡುವುದು. ಸಾಲವೆಲ್ಲ ಅಂಗಸಂಸ್ಥೆಯಲ್ಲಿದ್ದರೆ ಒಂಟಿ ಲೆಕ್ಕ ಸಾಲವೇ ಇಲ್ಲದ ಕಂಪನಿಯನ್ನು ತೋರಿಸುತ್ತದೆ. ಯಾವಾಗಲೂ ಸೇರಿಸಿದ ಲೆಕ್ಕವನ್ನೇ ಹಿಡಿಯಿರಿ. ಪ್ರತಿ ವರದಿಯಲ್ಲೂ ಹಿಂದಿನ ವರ್ಷದ ಅಂಕಿ ಇರುತ್ತದೆ. ಅದು ಹಿಂದಿನ ವರದಿಯ ಅಂಕಿಗೆ ತಾಳೆಯಾಗದಿದ್ದರೆ ಏನೋ ತಿದ್ದಿದ್ದಾರೆ, ಕಾರಣ ಓದಿ. ಗುತ್ತಿಗೆ ಬಾಡಿಗೆಯನ್ನು ಸಾಲದಂತೆ ತೋರಿಸುವ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ 2019ರಲ್ಲಿ ಬಂದಾಗ ಹಲವು ಕಂಪನಿಗಳ ಸಾಲವೂ, ಸವಕಳಿಗೆ ಮುಂಚಿನ ಲಾಭವೂ ಒಂದೇ ಏಟಿಗೆ ಏರಿದವು. ವ್ಯಾಪಾರದಲ್ಲಿ ಏನೂ ಬದಲಾಗಿರಲಿಲ್ಲ.

ಹಾಳೆ ತುಂಬಿದ ಮೇಲೆ ಹತ್ತು ವರ್ಷದ ಕಾರ್ಯಾಚರಣೆಯ ನಗದನ್ನೆಲ್ಲ ಕೂಡಿ, ಹತ್ತು ವರ್ಷದ ನಿವ್ವಳ ಲಾಭದ ಮೊತ್ತದಿಂದ ಭಾಗಿಸಿ. ಸವಕಳಿ ಮರಳಿ ಸೇರುವುದರಿಂದ ಇದು 1ರ ಆಸುಪಾಸು ಅಥವಾ ಮೇಲೆ ಇರಬೇಕು. 0.7ಕ್ಕಿಂತ ಕೆಳಗಿದ್ದರೆ ಕಾರಣ ಸಿಗುವವರೆಗೂ ಹಣ ಹಾಕಬಾರದು ಎಂಬುದು ನನ್ನ ಕಟ್ಟುನಿಟ್ಟು. ಇದೇ ಹಾಳೆಯನ್ನು ಇಬ್ಬರು ಪೈಪೋಟಿದಾರರಿಗೂ ತುಂಬಿದಾಗ ಮಾತ್ರ ಉದ್ಯಮದ ಸ್ವಭಾವ ಯಾವುದು, ಈ ಕಂಪನಿಯದೇ ರೋಗ ಯಾವುದು ಎಂಬುದು ಬೇರೆಯಾಗುತ್ತದೆ. ಕೊಳ್ಳುವ ದಿನ ದಿನಾಂಕ ಹಾಕಿ, ಯಾವ ಮೂರು ಸಂಗತಿ ನಡೆದರೆ ನನ್ನ ಲೆಕ್ಕ ತಪ್ಪು ಎಂದು ಬರೆದಿಡಬೇಕು: ಬಾಕಿ ದಿನ 90 ದಾಟಿದರೆ, ಮಾರ್ಜಿನ್ ಸತತ ಎರಡು ವರ್ಷ ಇಳಿದರೆ, ಹೀಗೆ. ಬರೆದಿಡದಿದ್ದರೆ ದರ ಬಿದ್ದಾಗ ಮನಸ್ಸು ಹೊಸ ಹೊಸ ಸಮರ್ಥನೆ ಹುಡುಕುತ್ತದೆ.

ಇನ್ನು ನನ್ನ ಕೋರಿಕೆ. ಫಲಿತಾಂಶದ ವರದಿ ಬರೆಯುವಾಗ ವರಮಾನ ಮತ್ತು ಲಾಭದ ಕೆಳಗೆ ಐದು ಅಂಕಿಗಳ ಒಂದು ಸಣ್ಣ ಚೌಕ ಹಾಕಿ: ಕಾರ್ಯಾಚರಣೆಯ ನಗದು, ಬಂಡವಾಳ ವೆಚ್ಚ, ಬಾಕಿ ದಿನಗಳು, ಒಟ್ಟು ಸಾಲ, ಷೇರೊಂದಕ್ಕೆ ಲಾಭ. ಪ್ರತಿಯೊಂದಕ್ಕೂ ಕಳೆದ ವರ್ಷದ ಅಂಕಿ ಪಕ್ಕದಲ್ಲಿರಲಿ. ತ್ರೈಮಾಸಿಕದಲ್ಲಿ ನಗದು ಪಟ್ಟಿ ಕೊಡದ ಕಂಪನಿಗಳಿಗೆ ಆ ಜಾಗ ಖಾಲಿ ಬಿಟ್ಟು ‘ಪ್ರಕಟಿಸಿಲ್ಲ’ ಎಂದೇ ಬರೆಯಿರಿ, ಓದುಗರಿಗೆ ಅದೂ ಒಂದು ಮಾಹಿತಿ. ಆಸ್ತಿ ಮಾರಿ ಬಂದ ಒಂದಾವರ್ತಿ ಲಾಭವಿದ್ದರೆ ತಲೆಬರಹದ ಅಂಕಿಯಿಂದ ಅದನ್ನು ಕಳೆದು ಹೇಳಿ. ಬ್ಯಾಂಕು, ವಿಮೆ, ಹಣಕಾಸು ಕಂಪನಿಗಳಿಗೆ ಈ ಚೌಕ ಹೊಂದುವುದಿಲ್ಲ. ಅವುಗಳಿಗೆ ಹಣವೇ ಸರಕು, ಹಾಗಾಗಿ ಕಾರ್ಯಾಚರಣೆಯ ನಗದಿಗೆ ಅಲ್ಲಿ ಅರ್ಥವಿಲ್ಲ. ಬ್ಯಾಂಕುಗಳಿಗೆ ವಸೂಲಾಗದ ಸಾಲದ ಪ್ರಮಾಣ, ಅದಕ್ಕೆ ತೆಗೆದಿಟ್ಟ ಮೊತ್ತ, ನಿವ್ವಳ ಬಡ್ಡಿ ಮಾರ್ಜಿನ್ (ಬಂದ ಬಡ್ಡಿಗೂ ಕೊಟ್ಟ ಬಡ್ಡಿಗೂ ಇರುವ ಅಂತರ), ಬಂಡವಾಳದ ಅನುಪಾತ (ಕೊಟ್ಟ ಸಾಲಗಳ ಅಪಾಯಕ್ಕೆ ಎದುರಾಗಿ ಇರುವ ಬಂಡವಾಳ), ಆಸ್ತಿಯ ಮೇಲಿನ ಗಳಿಕೆ ಎಂಬ ಬೇರೆಯೇ ಐದು ಅಂಕಿ ಬೇಕು. ಎರಡೂ ಚೌಕಗಳ ಅಂಕಿಗಳಲ್ಲಿ ಕೆಲವು ಫಲಿತಾಂಶದ ದಿನ ಕಂಪನಿಗಳು ಷೇರುಪೇಟೆಗೆ ಸಲ್ಲಿಸುವ ಕಾಗದದಲ್ಲೇ ಇರುತ್ತವೆ, ಉಳಿದವು ವಾರ್ಷಿಕ ವರದಿಯಲ್ಲಿ.

ಇತಿ,
ಕಂಪನಿ ಲೆಕ್ಕಪತ್ರಗಳ ಓದುಗ